ಹಚ್ಚದ ಭಟ್ಟಿಯ ಕಾವು

ನಾನು ಪಿಎಚ್‌ಡಿ ಮಾಡಿದ್ದು ಜ್ವಾಲಾಮುಖಿಗಳ ಮೇಲೆ. ಆದರೆ ಇವತ್ತಿನವರೆಗೂ ಒಂದೇ ಒಂದು ಜ್ವಾಲಾಮುಖಿಯನ್ನು ಕಣ್ಣಾರೆ ಕಂಡಿಲ್ಲ. ಇದನ್ನು ಹೇಳಿದಾಗ ಜನ ನಗುತ್ತಾರೆ; ಮೊದಮೊದಲು ನಾನೂ ಅವರ ಜೊತೆ ನಗುತ್ತಿದ್ದೆ. ಉಪಗ್ರಹಗಳು ರಾತ್ರಿ ಹೊತ್ತು ಹಾಯುವಾಗ ನೆಲದಿಂದ ಏಳುವ ಕಾವನ್ನು ಅಳೆದು ಚಿತ್ರ ಮಾಡಿ ಕಳಿಸುತ್ತವೆ. ಸಮುದ್ರದಾಚೆಯ ಒಂದು ದೇಶದ ಬೆಟ್ಟದ ಬಾಯಿ ಆ ಚಿತ್ರಗಳಲ್ಲಿ ಎಷ್ಟು ಬಿಸಿಯಾಗಿದೆ, ಹಿಂದಿನ ಸಲಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನೋಡುವುದು ನನ್ನ ಕೆಲಸ. ಸಿಡಿಯುವ ಮೊದಲು ಬೆಟ್ಟ ವಾರಗಟ್ಟಲೆ ಮೆಲ್ಲಗೆ ಕಾಯುತ್ತದೆಯೇ, ಆ ಕಾವನ್ನು ಮೇಲಿನಿಂದಲೇ ಹಿಡಿದು ತಪ್ಪಲಿನ ಊರುಗಳಿಗೆ ಮುಂಚಿತವಾಗಿ ಹೇಳಬಹುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ನಿಪ್ಪಾಣಿಯಲ್ಲಿ ಅವ್ವ ಬೀಡಿ ಕಟ್ಟುತ್ತಿದ್ದಳು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. "ನಮ್ಮ ಹುಡುಗಿ ಬೆಂಕಿ ಗುಡ್ಡದ ಸಾಲಿ ಕಲಿಯಾಕತ್ತಾಳ" ಎಂದು ಅವಳು ಓಣಿಯಲ್ಲಿ ಹೇಳುತ್ತಿದ್ದಳು. ಅದು ಎಂಥ ಶಾಲೆ, ಇನ್ನೂ ಎಷ್ಟು ವರ್ಷದ್ದು ಎಂದು ಯಾರಾದರೂ ಕೇಳಿದರೆ ಮಾತ್ರ ಮೊರದಲ್ಲಿದ್ದ ಎಲೆ ಕತ್ತರಿಸತೊಡಗುತ್ತಿದ್ದಳು.

ಎರಡನೆಯ ವರ್ಷದಲ್ಲಿ ನನಗೊಂದು ಕಷ್ಟ ಎದುರಾಯಿತು. ನನ್ನ ಲೆಕ್ಕಾಚಾರ ತೋರಿಸುವ ಕಾವು ನಿಜವಾದದ್ದೇ ಎಂದು ಪರೀಕ್ಷಿಸಬೇಕಿತ್ತು. ಅದಕ್ಕೆ ಬೆಂಕಿ ಯಾವ ದಿನ ಇತ್ತು, ಯಾವ ದಿನ ಇರಲಿಲ್ಲ ಎಂದು ಖಚಿತವಾಗಿ ಹೇಳಬಲ್ಲ ಒಂದು ಜಾಗ ಬೇಕು. ಜ್ವಾಲಾಮುಖಿಯ ಬಾಯಿಯಲ್ಲಿ ಕೂತು ಯಾರೂ ಹಾಗೆ ಬರೆದಿಡುವುದಿಲ್ಲ. ಆಗ ನನಗೆ ನೆನಪಾದದ್ದು ನಮ್ಮ ಕಡೆಯ ಇಟ್ಟಂಗಿ ಭಟ್ಟಿಗಳು. ನನ್ನ ಗೈಡ್ ಸರ್‌ಗೆ ಹೇಳಿದೆ. ಅವರು ಮೈಸೂರು ಕಡೆಯವರು, ಮೆಚ್ಚುಗೆಯನ್ನು ಸುಲಭವಾಗಿ ತೋರಿಸುವವರಲ್ಲ. ಅವತ್ತು ಮಾತ್ರ, "ಇದು ಯಾರೂ ಮಾಡಿಲ್ಲ. ಹೋಗಿ ಬನ್ನಿ" ಎಂದರು.

ನಿಪ್ಪಾಣಿಯಿಂದ ಚಿಕ್ಕೋಡಿಗೆ ಒಂದು ಬಸ್ಸು, ಅಲ್ಲಿಂದ ಕಾಗವಾಡದ ಕಡೆಗೆ ಇನ್ನೊಂದು. ಕೃಷ್ಣಾ ಹೊಳೆ ದಾಟಿದ ಮೇಲೆ ಇಳಿದು ಕಬ್ಬಿನ ಹೊಲಗಳ ನಡುವೆ ಒಂದು ಮೈಲು ನಡೆದರೆ ಹೊಳೆಯ ದಂಡೆಯಲ್ಲಿ ಆ ಭಟ್ಟಿ. ದೊಡ್ಡದು, ಒಂಟಿ. ಸುತ್ತ ಹಸಿರು ಕಬ್ಬು, ನಡುವೆ ಬೋಳು ಕೆಂಪು ನೆಲ. ಅಕ್ಕಪಕ್ಕ ಬೇರೆ ಭಟ್ಟಿ ಇರಲಿಲ್ಲ, ಅದಕ್ಕೇ ಅದನ್ನು ಆರಿಸಿಕೊಂಡೆ. ಭಟ್ಟಿಯ ಯಜಮಾನರು ಅರವತ್ತು ದಾಟಿದ ಮುಸ್ಲಿಮರು. ಅವರನ್ನು ಚಾಚಾ ಎಂದೆ, ಅವರ ಹೆಂಡತಿಯನ್ನು ಚಾಚಿ. ಚಾಚಾಗೆ ಓದು ಬರಹ ಬರುತ್ತಿರಲಿಲ್ಲ. ಹೊಗೆಯ ಬಣ್ಣ ನೋಡಿ ಒಳಗಿನ ಉರಿ ಹೇಗಿದೆ ಎಂದು ಹೇಳುತ್ತಿದ್ದರು. ಚಾಚಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದರು.

ನಾನು ಚಾಚಿಯ ಕೈಗೆ ಒಂದು ನೋಟುಬುಕ್ಕು ಕೊಟ್ಟೆ. ಭಟ್ಟಿಗೆ ಯಾವತ್ತು ಬೆಂಕಿ ಹಚ್ಚಿದಿರಿ, ಯಾವತ್ತು ಆರಿತು, ದಿನಕ್ಕೊಂದು ಸಾಲು ಬರೆದರೆ ಸಾಕು ಎಂದೆ.

"ನಮ್ಮ ಭಟ್ಟಿ ಆಕಾಶದಿಂದ ಕಾಣ್ತೈತೇನ?" ಎಂದು ಚಾಚಿ ಕೇಳಿದರು.

"ಕಾಣ್ತೈತಿ ಚಾಚಿ. ಒಂದ ಬೆಳ್ಳಗಿನ ಚುಕ್ಕಿ."

"ಮತ್ತ ನಾನು?"

"ಇಲ್ರಿ. ಒಂದ ಚುಕ್ಕಿ ಅಂದ್ರ ಎರಡ ಎರಡೂವರಿ ಎಕರೆ ಜಾಗ. ಮನಷ್ಯಾರು ಕಾಣೂದಿಲ್ಲ."

"ಚಲೋ ಆತ ಬಿಡ ಬೇಟಿ. ದಿನಾ ಕೆಸರ ಮೆತ್ಕೊಂಡ ನಿಂತಿರ್ತೀನಿ, ಮ್ಯಾಲಿನವ್ರು ನೋಡಿ ಏನಂದಾರು!"

ಎರಡು ಸುಗ್ಗಿ ಚಾಚಿ ಬರೆದರು. ತಿಂಗಳಿಗೊಮ್ಮೆ ಅವರ ಸೊಸೆ ಪುಟಗಳ ಫೋಟೋ ತೆಗೆದು ಕಳಿಸುತ್ತಿದ್ದಳು. ದೊಡ್ಡ ದೊಡ್ಡ ಅಕ್ಷರ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಜೋತುಬಿದ್ದಂತೆ. 'ಇವತ್ತ ಹಚ್ಚಿದಿವಿ.' 'ಉರಿ ಚಲೋ ಐತಿ.' 'ಮಳಿ ಹನಿ ಬಿತ್ತು, ತಾಡಪತ್ರಿ ಹೊಚ್ಚಿದಿವಿ.' ನಾನು ಕೇಳಿದ್ದಕ್ಕಿಂತ ಹೆಚ್ಚೇ ಬರೆಯುತ್ತಿದ್ದರು. ವಿಶ್ವವಿದ್ಯಾಲಯದ ಕೋಣೆಯಲ್ಲಿ ಕೂತು ಆ ಸಾಲುಗಳನ್ನು ಉಪಗ್ರಹದ ಚಿತ್ರಗಳ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಚಾಚಿ ಹಚ್ಚಿದೆವು ಎಂದು ಬರೆದ ದಿನಗಳ ಚಿತ್ರದಲ್ಲಿ ಚುಕ್ಕೆ ಬೆಳಗಿರುತ್ತಿತ್ತು. ಎರಡೂ ಹೊಂದಿದಾಗಲೆಲ್ಲ ನನಗೆ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ಮೂರನೆಯ ಸುಗ್ಗಿಯ ಪುಟಗಳು ಬಂದಾಗ ನಡುವೆ ಸುಮಾರು ಮೂರು ವಾರ ಖಾಲಿ ಇತ್ತು. ಆಮೇಲಿನ ಸಾಲುಗಳು ಬೇರೆ ಕೈಬರಹದಲ್ಲಿದ್ದವು, ಸಣ್ಣ ಅಚ್ಚುಕಟ್ಟಾದ ಅಕ್ಷರ. ಸೊಸೆ ಬರೆದಿರಬೇಕು ಅಂದುಕೊಂಡೆ. ಯಾಕೆ ಎಂದು ಯೋಚಿಸಲಿಲ್ಲ. ಚಾಚಿಯ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಎಂದು ಬಂತು. ಸೊಸೆಗೆ ಮೆಸೇಜ್ ಹಾಕಬಹುದಿತ್ತು. ಆ ವಾರವೇ, ಸರ್ ಮತ್ತು ನಾನು ಸೇರಿ ಬರೆದು ಕಳಿಸಿದ್ದ ಪ್ರಬಂಧವನ್ನು ಪರಿಶೀಲಿಸಿದ ಸಂಶೋಧನಾ ಪತ್ರಿಕೆಯವರು ಭಟ್ಟಿಯ ಪೂರ್ತಿ ಪಟ್ಟಿ ಕೇಳಿದ್ದರು. ಕಳಿಸಲು ಎರಡು ದಿನ ಉಳಿದಿತ್ತು.

ಆ ಖಾಲಿ ವಾರಗಳಲ್ಲಿ ಭಟ್ಟಿಯ ಕಾವು ತೋರಿಸುವ ನನ್ನ ಗ್ರಾಫಿನ ಗೆರೆ ಮೆಲ್ಲಗೆ ಏರಿತ್ತು. ಪ್ರತಿ ಚಿತ್ರದಲ್ಲೂ ಹಿಂದಿನದಕ್ಕಿಂತ ಒಂದಿಷ್ಟು ಹೆಚ್ಚು ಕಾವು, ಕೊನೆಗೆ ಬೆಂಕಿ ಹಚ್ಚಿದ ದಿನ ಒಮ್ಮೆಲೇ ನೆಗೆತ. ನನ್ನ ಜ್ವಾಲಾಮುಖಿ ಸಿಡಿಯುವ ಮೊದಲು ತೋರಿಸಿದ್ದೂ ಇದೇ ಆಕಾರ. ಹಸಿ ಇಟ್ಟಂಗಿಯ ನೀರಾರಲು ಮೊದಲ ನಾಲ್ಕೈದು ದಿನ ಮಂದ ಉರಿ ಇಡುತ್ತೇವೆ ಎಂದು ಚಾಚಾ ಒಮ್ಮೆ ಹೇಳಿದ್ದರು. ನಾನು ಆ ನಾಲ್ಕೈದು ದಿನವನ್ನು ಮೂರು ವಾರಕ್ಕೆ ಎಳೆದೆ. ಪಟ್ಟಿಯಲ್ಲಿ ಖಾಲಿ ಇದ್ದ ಚೌಕಗಳಲ್ಲಿ ಒಂದರ ಕೆಳಗೊಂದು 'ಮಂದ ಉರಿ' ಎಂದು ತುಂಬಿದೆ. ಕೇಳದೆ ತುಂಬುವುದು ಸರಿಯಲ್ಲ ಎಂದು ಗೊತ್ತಿತ್ತು. ಆದರೂ ಕಳಿಸಿದೆ. ಪ್ರಬಂಧ ಸ್ವೀಕಾರವಾಯಿತು. ಆ ಭಟ್ಟಿಯ ಚಿತ್ರವನ್ನೇ ಸರ್ ಎಲ್ಲ ಕಡೆ ತೋರಿಸತೊಡಗಿದರು. "ಇದು ನೋಡಿ, ನೆಲದ ಮೇಲಿನ ಸಾಕ್ಷಿ" ಎನ್ನುತ್ತಿದ್ದರು.

ಮುಂದಿನ ವರ್ಷ ಚಳಿಗಾಲದಲ್ಲಿ ಊರಿಗೆ ಬಂದವಳು ಆ ಚಿತ್ರದ ಬಣ್ಣದ ಪ್ರತಿ ತೆಗೆಸಿಕೊಂಡು, ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಭಟ್ಟಿಗೆ ಹೋದೆ. ಚಾಚಾ ತಗಡಿನ ಚಪ್ಪರದ ಕೆಳಗೆ ಕೂತಿದ್ದರು. ಮುಖ ಸಣ್ಣದಾಗಿತ್ತು. ನಾನು ಪೇಢೆಯ ಪೊಟ್ಟಣ ಮುಂದೆ ಹಿಡಿದು, "ಚಾಚಿ ಎಲ್ಲಿ ಅದಾರ?" ಎಂದೆ.

ಅವರು ನನ್ನನ್ನೇ ನೋಡಿದರು. "ನಿನಗ ಗೊತ್ತಿಲ್ಲೇನ ಬೇಟಿ? ಆಕಿ ಹೋಗಿ ವರ್ಷಾತು."

ಪೊಟ್ಟಣ ಕೈಯಲ್ಲೇ ಉಳಿಯಿತು. ಆಮೇಲೆ ನನ್ನ ಬಾಯಿಂದ ಬಂದ ಮಾತು ಒಂದೇ. "ಯಾವಾಗ್ರಿ?"

ದುಃಖದಲ್ಲಿ ಯಾರಾದರೂ ಕೇಳುವ ಪ್ರಶ್ನೆಯೇ ಅದು, ಚಾಚಾ ಹಾಗೆಯೇ ತಿಳಿದರು. ಆದರೆ ನಾನು ಕೇಳಿದ್ದು ತಾರೀಖು. ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಇದ್ದದ್ದು ಚಾಚಿಯ ಮುಖವಲ್ಲ, ಖಾಲಿ ಪುಟಗಳು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

"ಭಟ್ಟಿ ಪೇರಿಸಿ ಮುಗಿಸಿದ್ವಿ. ಮರದಿನ ಹಚ್ಚೂದಿತ್ತು," ಎಂದರು ಚಾಚಾ. "ಮುಂಜಾನೆ ಎದ್ದಾಕಿ ಕಣ್ಣ ಹಳದಿ ಆಗ್ಯಾವ ಅಂದ್ಲು. ಮಿರಜಿಗೆ ಒಯ್ದಿವಿ. ಹನ್ನೆರಡ ದಿನ ದವಾಖಾನಿಯೊಳಗ ಇದ್ಲು. ಇಲ್ಲಿ ಯಾರೂ ಇರ್ಲಿಲ್ಲ. ಮಣ್ಣ ಮಾಡಿ ಬಂದ ಮ್ಯಾಲೂ ಎಂಟ ದಿನ ನಾನು ಈ ಕಡೆ ತಲಿ ಹಾಕಲಿಲ್ಲ."

"ಆಗ ಭಟ್ಟಿಯೊಳಗ ಬೆಂಕಿ... ಸಣ್ಣದಾಗಿ ಏನರೆ..."

"ಎಲ್ಲೀ ಬೆಂಕಿ? ಹಸಿ ಇಟ್ಟಂಗಿ ಹಂಗ ಕುಂತಿದ್ವು. ತಣ್ಣಗ, ಕಲ್ಲಿನಂಗ."

ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸೊಸೆ ಚಹಾ ತಂದಳು. ಚಾಚಾ ಆಸ್ಪತ್ರೆಯ ಮಾತು ಹೇಳುತ್ತಾ ಹೋದರು. ಕೊನೆಯ ಎರಡು ದಿನ ಚಾಚಿ ಯಾರನ್ನೂ ಗುರುತಿಸಲಿಲ್ಲವಂತೆ. ಅದಕ್ಕೂ ಮೊದಲು, ಬುಕ್ಕು ಬರೆಯುವುದು ತಪ್ಪಿತಲ್ಲ, ಆ ಹುಡುಗಿಗೆ ತೊಂದರೆಯಾದೀತು ಎಂದು ಸೊಸೆಗೆ ಹೇಳಿದ್ದರಂತೆ. ಅದನ್ನು ಕೇಳಿದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಮತ್ತೆ ಬರುತ್ತೇನೆ ಎಂದು ಎದ್ದು ಬಂದೆ. ಬಣ್ಣದ ಚಿತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಒಂದೊಂದೇ ಅರ್ಥವಾಗುತ್ತಾ ಬಂತು. ಬೆಂಕಿಯೇ ಇಲ್ಲದ ಭಟ್ಟಿ ಮೂರು ವಾರ ಕಾಯುತ್ತಿದೆ ಎಂದು ನನ್ನ ಲೆಕ್ಕ ಹೇಳಿತ್ತು. ಹಾಗಾದರೆ ಏರಿದ್ದೇನು? ನನ್ನ ವಿಧಾನ ಒಂದು ಜಾಗದ ಕಾವನ್ನು ಸುತ್ತಲಿನ ನೆಲದ ಕಾವಿಗೆ ಹೋಲಿಸಿ ವ್ಯತ್ಯಾಸ ತೆಗೆಯುತ್ತಿತ್ತು. ಚಳಿ ಹೆಚ್ಚಿದಂತೆ ನೀರುಣಿಸಿದ ಕಬ್ಬಿನ ಹೊಲ ರಾತ್ರಿ ಬೇಗ ತಣ್ಣಗಾಗುತ್ತದೆ. ನಡುವಿನ ಬೋಳು ನೆಲ, ಇಟ್ಟಂಗಿಯ ರಾಶಿ ಅಷ್ಟು ಬೇಗ ಆರುವುದಿಲ್ಲ. ಭಟ್ಟಿ ಬಿಸಿಯಾಗಿರಲಿಲ್ಲ, ಸುತ್ತಲಿನದು ತಣ್ಣಗಾಗಿತ್ತು. ನನ್ನ ಬೆಟ್ಟದ ಸುತ್ತ ಕಾಡಿತ್ತು, ನಡುವೆ ಬೋಳು ಕರಿಬಂಡೆ. ಅಲ್ಲಿಯೂ ಒಣ ಹವೆಯ ತಿಂಗಳುಗಳಲ್ಲೇ ಗೆರೆ ಏರಿತ್ತು. ಅಂಕಲಿ ಊರು ಬಂದಿತ್ತೋ ಏನೋ, ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರೂ ನನಗೆ ಕೇಳಿಸಿರಲಿಲ್ಲ.

ಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೀಡಿಗೆ ದಾರ ಸುತ್ತುವುದನ್ನು ನಿಲ್ಲಿಸಿ ಕೇಳಿದಳು.

"ಈಗ ಅದನ್ನ ಹೇಳಿದ್ರ ನಿನಗ ಡಿಗ್ರಿ ಕೊಡೂದಿಲ್ಲೇನ?"

"ತಡಾ ಆಗ್ತೈತಿ. ಕೊಡದನೂ ಇರಬಹುದು."

"ಹೇಳದಿದ್ರ ಯಾರಿಗರೆ ಗೊತ್ತಾಗ್ತೈತೇನ?"

"ಇಲ್ಲ."

"ಹಂಗಾದ್ರ ಸುಮ್ಮಿರ ಯವ್ವಾ," ಎಂದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. "ಬರದದ್ದು ಬರದಾತು. ದೊಡ್ಡಾವ್ರನ್ನ ಎದರ ಹಾಕ್ಕೋಬ್ಯಾಡ. ನನ್ನ ಬೆರಳೂ ಈಗೀಗ ಮಡಚವಲ್ವು."

ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದನ್ನೇ ನಾನೂ ಬಸ್ಸಿನಲ್ಲಿ ನನಗೆ ಹೇಳಿಕೊಳ್ಳುತ್ತಾ ಬಂದಿದ್ದೆ.

ಮೂರನೆಯ ದಿನ ಸರ್‌ಗೆ ಫೋನ್ ಮಾಡಿದೆ. ಆ ಮೂರು ವಾರದ ಪಟ್ಟಿಯನ್ನು ನಾನೇ ತುಂಬಿದ್ದು, ಆಗ ಭಟ್ಟಿಯಲ್ಲಿ ಬೆಂಕಿಯೇ ಇರಲಿಲ್ಲ ಎಂದು ಹೇಳಿದೆ.

"ನೀವು ಕೇಳಿ ತಿಳಿದುಕೊಳ್ಳದೆ ಬರೆದಿರಾ?"

"ಹೌದು ಸರ್."

"ಅದು ತಪ್ಪು. ದೊಡ್ಡ ತಪ್ಪು. ಆದರೆ ಇಟ್ಟಿಗೆ ಗೂಡು ಬೇರೆ, ಜ್ವಾಲಾಮುಖಿ ಬೇರೆ. ಗೂಡಿನ ಭಾಗ ತೆಗೆದುಬಿಡಿ. ಬೆಟ್ಟದ ಫಲಿತಾಂಶ ಹಾಗೇ ಇರಲಿ."

"ಬೆಟ್ಟದ್ದೂ ಅದೇ ಕಾರಣಕ್ಕೆ ಏರಿರಬಹುದು ಸರ್."

"ಇರಬಹುದು ಅಂದರೆ? ಇರಬಹುದು ಅನ್ನುವುದರ ಮೇಲೆ ನಾಲ್ಕು ವರ್ಷದ ಕೆಲಸ ಹಾಳು ಮಾಡಿಕೊಳ್ಳುತ್ತೀರಾ?" ಎಂದು ಫೋನ್ ಇಟ್ಟರು.

ಅವರು ಕೆಟ್ಟವರಲ್ಲ. ನನ್ನ ಮೊದಲ ಬರಹವನ್ನು ಅಲ್ಪವಿರಾಮವನ್ನೂ ಬಿಡದೆ ತಿದ್ದಿದವರು. ಅವರ ಮಾತಿನಲ್ಲಿ ಅರ್ಧ ನಿಜವೂ ಇತ್ತು. ನಾನು ನಿಪ್ಪಾಣಿಯ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಸುತ್ತಲಿನ ನೆಲ ತಣ್ಣಗಾಗುವುದನ್ನು ಕಳೆದು ನೋಡಿದೆ. ಬೆಟ್ಟ ಹಿಂದೆ ಸಿಡಿದ ಮೂರು ಸಲಗಳ ಪೈಕಿ ಎರಡರಲ್ಲಿ ಏರಿಕೆ ಪೂರ್ತಿ ಮಾಯವಾಯಿತು. ಮೂರನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಉಳಿಯಿತು. ಹತ್ತು ದಿನ ಅದನ್ನೇ ಮತ್ತೆ ಮತ್ತೆ ಮಾಡಿದೆ, ನನ್ನ ಹೊಸ ಲೆಕ್ಕವೇ ತಪ್ಪಿರಲಿ ಎಂದು ಆಸೆಪಡುತ್ತ.

ಮತ್ತೆ ಭಟ್ಟಿಗೆ ಹೋದದ್ದು ಚಾಚಾಗೆ ತಪ್ಪೊಪ್ಪಿಕೊಳ್ಳಲು. ಅವರ ಮನೆಯ ದುಃಖದ ದಿನಗಳನ್ನು ನಾನು ಮಂದ ಉರಿ ಎಂದು ಬರೆದು ಹೊರದೇಶದ ಪತ್ರಿಕೆಗೆ ಕಳಿಸಿದ್ದೇನೆ ಎಂದು ಹೇಳಲೇಬೇಕು ಅನ್ನಿಸಿತ್ತು. ಚಾಚಾ ಹಸಿ ಇಟ್ಟಂಗಿಗಳನ್ನು ಬಿಸಿಲಿಗೆ ಮಗ್ಗುಲು ತಿರುಗಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. ಪೂರ್ತಿ ತಿಳಿಯಿತೋ ಇಲ್ಲವೋ.

"ಆ ಗುಡ್ಡದ ಬುಡಕ ಜನಾ ಇರ್ತಾರೇನ?" ಎಂದು ಕೇಳಿದರು.

"ಅದಾರ್ರಿ. ಬಾಳ ಊರು ಅದಾವು. ಭೂಮಿ ಚಲೋ ಐತೆಂತ ಅಲ್ಲೇ ಒಕ್ಕಲತನ ಮಾಡ್ತಾರ."

"ನಿನ್ನ ಲೆಕ್ಕ ನೋಡಿ ಅವರನ್ನ ಎಬ್ಬಸ್ತಾರೇನ?"

"ಮುಂದ ಎಬ್ಬಸಬಹುದು. ಅದಕ್ಕಂತನ ಮಾಡಾಕತ್ತಿದ್ದೆ."

ಚಾಚಾ ಒಂದು ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿ ಹೊಳೆಯ ಕಡೆ ಕೈ ತೋರಿಸಿದರು. "ಮಹಾಪೂರ ಬಂದ ವರ್ಷ ನಮಗ ಮೂರ ಸಲ ಹೇಳಿದ್ರು. ನೀರ ಬರ್ತೈತಿ, ಏಳ್ರಿ ಅಂತ. ಮೂರ ಸಲಾನೂ ಎತ್ತು, ಆಡು, ಹಾಸಿಗಿ ಹೊತ್ಕೊಂಡ ಹೋಗಿ ಸಾಲ್ಯಾಗ ಕುಂತಿವಿ. ನೀರ ಬರಲಿಲ್ಲ. ಜನಾ ನಕ್ರು. ನಾಕನೇ ಸಲ ಹೇಳಿದಾಗ ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ." ಅವರು ಕೈಗೆ ಅಂಟಿದ ಮಣ್ಣು ಒರೆಸಿಕೊಂಡರು. "ಆವತ್ತ ಬಂತು. ನನ್ನ ತಮ್ಮ ಆಡ ಬಿಚ್ಚಾಕಂತ ಹೋದಾವ ಸಿಗಲಿಲ್ಲ. ಮೂರ ದಿನದ ಮ್ಯಾಲೆ ಕೆಳಗಿನ ಊರ ಕಬ್ಬಿನಾಗ ಸಿಕ್ಕ."

ಅವರು ನನಗೆ ಬುದ್ಧಿ ಹೇಳುತ್ತಿರಲಿಲ್ಲ. ನೆನಪಾದದ್ದನ್ನು ಹೇಳಿದರು, ಮತ್ತೆ ಬಗ್ಗಿ ಮುಂದಿನ ಸಾಲಿಗೆ ಕೈ ಹಾಕಿದರು. ನಾನೂ ಅವರ ಪಕ್ಕದಲ್ಲಿ ಬಗ್ಗಿ ಇಟ್ಟಂಗಿ ತಿರುಗಿಸಿದೆ. ಎರಡು ಮೂರು ಮುರಿದೆ. ಅವರು ಚೂರುಗಳನ್ನು ಪಕ್ಕಕ್ಕೆ ಸರಿಸಿದರು.

ವಿಶ್ವವಿದ್ಯಾಲಯಕ್ಕೆ ಮರಳಿ ಸರ್ ಎದುರು ಹೊಸ ಲೆಕ್ಕದ ಹಾಳೆಗಳನ್ನು ಇಟ್ಟೆ. ಪ್ರಬಂಧ ಹಿಂಪಡೆಯುವಂತೆ ಪತ್ರಿಕೆಗೆ ಬರೆಯುತ್ತೇನೆ, ಪಟ್ಟಿ ತುಂಬಿದವಳು ನಾನೊಬ್ಬಳೇ ಎಂದೂ ಬರೆಯುತ್ತೇನೆ ಎಂದೆ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೋಗಿ," ಎಂದಷ್ಟೇ ಅಂದರು.

ಮರುದಿನ ಪತ್ರಿಕೆಗೆ ಪತ್ರ ಹೋಯಿತು. ಬರೆದದ್ದು ನಾನಲ್ಲ, ಅವರು. ನನಗೊಂದು ಪ್ರತಿ ಬಂತು. ನಮ್ಮ ತಂಡದಿಂದ ತಪ್ಪಾಗಿದೆ ಎಂದಿತ್ತು, ನನ್ನೊಬ್ಬಳ ಮೇಲೆ ಹಾಕಿರಲಿಲ್ಲ. ಆದರೆ ಅವತ್ತಿನಿಂದ ಅವರು ನನ್ನೊಡನೆ ಅಗತ್ಯಕ್ಕಿಂತ ಒಂದು ಮಾತನ್ನೂ ಹೆಚ್ಚಾಗಿ ಆಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ತಲೆಯಾಡಿಸಿ ಹೋಗುತ್ತಿದ್ದರು. ಫೆಲೋಶಿಪ್ ಮುಗಿಯಿತು. ನನ್ನ ಜೊತೆಯವರು ಡಿಗ್ರಿ ಪಡೆದು ಹೋದರು. ನಾನು ಇನ್ನೂ ಒಂದೂವರೆ ವರ್ಷ ಕೂತು ಥೀಸಿಸ್ಸನ್ನು ಬೇರೆಯಾಗಿ ಬರೆದೆ. ಬೆಟ್ಟದ ಕಾವನ್ನು ಮುಂಚಿತವಾಗಿ ಹಿಡಿಯುವುದು ಹೇಗೆ ಎಂಬ ಬದಲು, ಇಲ್ಲದ ಕಾವು ಇದ್ದಂತೆ ಹೇಗೆ ಕಾಣುತ್ತದೆ ಎಂಬುದೇ ಅದರ ವಿಷಯವಾಯಿತು. ಭಟ್ಟಿಯ ಅಧ್ಯಾಯದಲ್ಲಿ ಆ ಮೂರು ವಾರಗಳ ಎದುರು 'ಬೆಂಕಿ ಇರಲಿಲ್ಲ' ಎಂದು ಬರೆದೆ. ಕಾರಣ ಬರೆಯುವ ಜಾಗ ಆ ಪಟ್ಟಿಯಲ್ಲಿ ಇರಲಿಲ್ಲ. ಡಿಗ್ರಿ ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಭೂಗೋಳ ಹೇಳತೊಡಗಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಕಸಿವಿಸಿ ಇರುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಆ ಬೆಟ್ಟ ಸಿಡಿಯಿತು. ಸ್ಟಾಫ್ ರೂಮಿನಲ್ಲಿ ಫೋನಿನಲ್ಲಿ ಸುದ್ದಿ ನೋಡಿದೆ. ತಪ್ಪಲಿನ ಒಂದು ಹಳ್ಳಿ ಬೂದಿಯಲ್ಲಿ ಅರ್ಧ ಮುಳುಗಿತ್ತು. ಒಬ್ಬ ಹೆಂಗಸು ಕಂಕುಳಲ್ಲಿ ಕೋಳಿ ಅವಚಿಕೊಂಡು ಮೊಣಕಾಲುದ್ದ ಬೂದಿಯಲ್ಲಿ ನಡೆಯುತ್ತಿದ್ದಳು. ಮುಂಚೆ ಎಚ್ಚರಿಕೆ ಬಂದಿರಲಿಲ್ಲ ಎಂದು ಯಾರೋ ಹೇಳುತ್ತಿದ್ದರು. ಆ ಊರುಗಳ ಹೆಸರುಗಳೆಲ್ಲ ನನಗೆ ಬಾಯಿಪಾಠವಿದ್ದವು.

ಮನೆಗೆ ಬಂದವಳೇ ಹಳೆಯ ಲೆಕ್ಕವನ್ನು ತೆಗೆದು ಆ ವಾರಗಳ ಚಿತ್ರ ಹಾಕಿದೆ. ಗೆರೆ ಏರಿತ್ತು. ಮೊದಲಿನಂತೆಯೇ, ಮೆಲ್ಲಗೆ, ಮೂರು ನಾಲ್ಕು ವಾರ. ನಾನು ಹಿಂಪಡೆದ ಆ ವಿಧಾನವನ್ನು ಯಾರಾದರೂ ಬಳಸಿದ್ದರೆ ಅದು, ಬೆಟ್ಟ ಸಿಡಿಯುತ್ತದೆ ಎಂದು ಹೇಳಿರುತ್ತಿತ್ತು, ಜನ ಎದ್ದು ಹೋಗಿರುತ್ತಿದ್ದರು. ಆದರೆ ಪ್ರತಿ ವರ್ಷ ಆ ತಿಂಗಳುಗಳಲ್ಲಿ ಗೆರೆ ಏರುತ್ತದೆ, ಸಿಡಿಯದ ವರ್ಷಗಳಲ್ಲೂ ಏರಿದೆ. ಇದು ನನಗೆ ಗೊತ್ತು. ಗೊತ್ತಿದ್ದರೂ ಆ ಹೆಂಗಸಿನ ಮುಖ ಕಣ್ಣ ಮುಂದಿಂದ ಹೋಗಲಿಲ್ಲ. ನಾಲ್ಕೈದು ದಿನ ಊಟ ಸೇರಲಿಲ್ಲ.

ಆ ವಾರದ ಕೊನೆಗೆ ಸರ್ ಫೋನ್ ಬಂತು. ಎರಡು ವರ್ಷದ ಮೇಲೆ. ನಾನು ಕ್ಲಾಸ್ ಮುಗಿಸಿ ಕಾಲೇಜಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಬೈಯುತ್ತಾರೆ ಅಂದುಕೊಂಡೆ, ಬೈದರೆ ಬೈಯಲಿ ಅಂತಲೂ ಅಂದುಕೊಂಡೆ.

"ಆ ವಾರಗಳ ಚಿತ್ರ ನೀವೂ ಹಾಕಿ ನೋಡಿರುತ್ತೀರಿ," ಎಂದರು.

"ನೋಡಿದೆ ಸರ್."

"ನಾನು ನಿಮ್ಮ ಹೊಸ ಲೆಕ್ಕದಲ್ಲೂ ನೋಡಿದೆ. ಸುತ್ತಲಿನದನ್ನು ಕಳೆದ ಮೇಲೂ ಕೊನೆಯ ಎರಡು ಚಿತ್ರಗಳಲ್ಲಿ ಸ್ವಲ್ಪ ಏರಿಕೆ ಉಳಿಯುತ್ತದೆ."

ಅದನ್ನು ನಾನೂ ಕಂಡಿದ್ದೆ. ಐದು ದಿನದಿಂದ ಅದನ್ನೇ ನೋಡುತ್ತಿದ್ದೆ.

"ನಿಜವಾದ ಕಾವೇ? ಅಥವಾ ಸುತ್ತಲಿನ ಕಾಡಿನ ಮೇಲೆ ತೆಳು ಮೋಡ ಬಂದು ಹಾಗೆ ಕಾಣುತ್ತಿದೆಯೇ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲ ವರ್ಷ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಿದ್ದಂತೆಯೇ ಕೇಳಿದರು.

"ಗೊತ್ತಿಲ್ಲ ಸರ್."

"ನನಗೂ ಗೊತ್ತಿಲ್ಲ," ಎಂದರು.

ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ ಅವರು, ಆ ಎರಡು ಚಿತ್ರಗಳನ್ನು ಕಳಿಸಿ, ಬೇರೆ ಉಪಗ್ರಹದ್ದೂ ಸಿಗುತ್ತದೇನೋ ನೋಡುತ್ತೇನೆ ಎಂದರು. ಅವತ್ತು ಸಂಜೆಯೇ ಕಳಿಸಿದೆ. ಅದು ಕಾವೋ ಮೋಡವೋ ಇನ್ನೂ ತೀರ್ಮಾನವಾಗಿಲ್ಲ.